ಬ್ಯಾಟರಿ ಬೇಡದ ರೇಡಿಯೋ: ಮುಕ್ಕಾಲು ಕೆಲಸ ಮನೆಯ ಹೊರಗೆ

ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ, ಸೋಲಾರೂ ಇಲ್ಲ. ಆದರೂ ಇಯರ್‌ಫೋನ್ ಕಿವಿಗಿಟ್ಟರೆ ವಾರ್ತೆ ಕೇಳುತ್ತದೆ. ಇದು ಕ್ರಿಸ್ಟಲ್ ರೇಡಿಯೋ. ನಾನಿರುವುದು ತುಮಕೂರಿನಲ್ಲಿ. ಹಗಲೆಲ್ಲ ಲೆಕ್ಕಪತ್ರದ ಕೆಲಸ, ರಜೆ ಸಿಕ್ಕರೆ ಇದೇ ಹುಚ್ಚು. ಮಾಡಲು ಹೊರಟವರೆಲ್ಲ ಅಲೆಯಿಂದ ಸದ್ದನ್ನು ಬೇರೆ ಮಾಡುವ ಡಯೋಡ್ ಯಾವುದು, ಸರ್ಕ್ಯೂಟ್ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಇದರಲ್ಲಿ ಸರ್ಕ್ಯೂಟ್ ಅನ್ನುವುದು ಬಹಳ ಸಣ್ಣ ವಿಷಯ. ನಿಮ್ಮ ಶ್ರಮವನ್ನೆಲ್ಲ ಅಲೆ ಹಿಡಿಯುವ ಮೇಲಿನ ತಂತಿಗೆ, ಅಂದರೆ ಏರಿಯಲ್‌ಗೆ, ಮತ್ತು ನೆಲದ ಅರ್ತಿಂಗ್‌ಗೆ ಹಾಕಿ.

ಕಾರಣ ಸರಳ. ಇಯರ್‌ಫೋನ್ ಅಲುಗಾಡಿಸುವ ಶಕ್ತಿ ಪೂರ್ತಿ ನಿಲಯದಿಂದಲೇ ಬರಬೇಕು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಟ್ರಾನ್ಸ್‌ಮಿಟರ್ 200 ಕಿಲೋವಾಟ್‌ನದು. ಧಾರವಾಡದ 765 ಕೂಡ ಅಷ್ಟೇ ದೊಡ್ಡದು. ಅಷ್ಟು ದೂರದಿಂದ ನಮ್ಮ ತಂತಿಗೆ ಸಿಗುವುದು ಅದರಲ್ಲಿ ತೀರಾ ಚಿಟಿಕೆಯಷ್ಟು. ನಡುವೆ ಅದನ್ನು ದೊಡ್ಡದು ಮಾಡುವ ಟ್ರಾನ್ಸಿಸ್ಟರ್ ಇಲ್ಲವಲ್ಲ, ಹಾಗಾಗಿ ಸಿಕ್ಕಿದ್ದನ್ನು ಚೆಲ್ಲದೆ ಕಿವಿಗೆ ತಲುಪಿಸಬೇಕು.

ಸಾಮಾನು ಕೊಳ್ಳುವ ಮೊದಲು ಮನೆಯ ಮಾಮೂಲಿ ರೇಡಿಯೋದಲ್ಲಿ ಎಎಂ (ಮೀಡಿಯಂ ವೇವ್) ಬ್ಯಾಂಡ್ ತಿರುಗಿಸಿ ನೋಡಿ. ಹಗಲು ಹೊತ್ತು ಯಾವ ನಿಲಯ ಜೋರಾಗಿ ಬರುತ್ತದೋ ಅದೇ ನಿಮ್ಮ ಗುರಿ. ಈಚಿನ ವರ್ಷಗಳಲ್ಲಿ ಆಕಾಶವಾಣಿ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿದೆ, ಆದ್ದರಿಂದ ಹಳೆಯ ಪಟ್ಟಿ ನಂಬಬೇಡಿ. ಎಫ್‌ಎಂ ನಿಲಯ ಹಿಡಿಯಲು ಈ ಸೆಟ್ ಆಗುವುದಿಲ್ಲ.

ಈಗ ಕಾಯಿಲ್, ಅಂದರೆ ತಂತಿಯ ಸುರುಳಿ. 63 ಮಿಲಿಮೀಟರ್ ಹೊರ ಅಳತೆಯ ಪಿವಿಸಿ ಪೈಪ್ ಒಂದು ಗೇಣು ಸಾಕು, ಪ್ಲಂಬರ್ ಬಳಿ ತುಂಡು ಬಿದ್ದಿರುತ್ತದೆ. 24 ಗೇಜಿನ ಎನಾಮಲ್ ತಾಮ್ರದ ತಂತಿಯನ್ನು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಸುಮಾರು 13 ಮೀಟರ್ ಬೇಕು. ಒಂದರ ಪಕ್ಕ ಒಂದು ಒತ್ತಾಗಿ, ಮೇಲೆ ಹತ್ತದಂತೆ 65 ಸುತ್ತು ಸುತ್ತಿ. 15ನೇ ಸುತ್ತಿನಲ್ಲಿ ತಂತಿಯನ್ನು ಸ್ವಲ್ಪ ಎಳೆದು ತಿರುಚಿ ಒಂದು ಕಿವಿ ಬಿಡಿ. 30ರಲ್ಲಿ ಇನ್ನೊಂದು. ಈ ಕಿವಿಗಳನ್ನು, ತಂತಿಯ ಎರಡು ತುದಿಗಳನ್ನು ಉಪ್ಪು ಕಾಗದದಿಂದ ಚೆನ್ನಾಗಿ ಉಜ್ಜಿ. ಎನಾಮಲ್ ಪೂರ್ತಿ ಹೋಗಿ ತಾಮ್ರ ಹೊಳೆಯಬೇಕು, ಇಲ್ಲದಿದ್ದರೆ ಬೆಸುಗೆ ಕೂರುವುದೇ ಇಲ್ಲ.

ನಿಲಯ ಆರಿಸಲು ಗ್ಯಾಂಗ್ ಕಂಡೆನ್ಸರ್. ಹಳೆ ವಾಲ್ವ್ ರೇಡಿಯೋದಲ್ಲಿ ಇರುತ್ತಿದ್ದ, ಲೋಹದ ರೆಕ್ಕೆಗಳು ಒಂದರೊಳಗೊಂದು ತೂರುವ ಆ ಸಾಮಾನು ಸಿಕ್ಕರೆ ಅದೃಷ್ಟ. ಗುಜರಿ ಅಂಗಡಿಯಲ್ಲಿ ಹುಡುಕಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದವರು ಮುಖ್ಯ ರಸ್ತೆಯ ಅಂಗಡಿಗಳಲ್ಲೇ ನಿಲ್ಲದೆ ಒಳಗಿನ ಓಣಿಗಳಲ್ಲೂ ಕೇಳಿ. ಅದರ ಒಂದು ಭಾಗ ಸುಮಾರು 365 ಪಿಕೋಫ್ಯಾರಡ್ (ಕಂಡೆನ್ಸರಿನ ಅಳತೆ) ಇರುತ್ತದೆ, ನಮ್ಮ 65 ಸುತ್ತಿಗೆ ಸರಿಯಾದ ಜೋಡಿ. ಸಿಗದಿದ್ದರೆ ಪಾಕೆಟ್ ರೇಡಿಯೋದ ಪ್ಲಾಸ್ಟಿಕ್ ಗ್ಯಾಂಗ್ ಹಾಕಿ. ಅದರ ಎರಡೂ ಎಎಂ ಭಾಗ ಸೇರಿಸಿದರೂ 200ರ ಆಸುಪಾಸು ಬರುತ್ತದೆ, ಹಾಗಾಗಿ 85 ಸುತ್ತು ಸುತ್ತಿಕೊಳ್ಳಿ. ಅಷ್ಟೇ ವ್ಯತ್ಯಾಸ.

ಡಯೋಡ್ ಜರ್ಮೇನಿಯಂ ಆಗಿರಬೇಕು. ಓಎ79, 1ಎನ್34ಎ, ಯಾವುದಾದರೂ ಆಗುತ್ತದೆ. ಸಿಲಿಕಾನ್ ಡಯೋಡ್ ಬಾಯಿ ಬಿಡಲು 0.6 ವೋಲ್ಟ್ ಬೇಕು, ನಮ್ಮ ತಂತಿಯಲ್ಲಿ ಅಷ್ಟು ಹುಟ್ಟುವುದು ಕಷ್ಟ. ಅಂಗಡಿಯವರು ಜರ್ಮೇನಿಯಂ ಅಂತ ಬೇರೆ ಏನೋ ಕೊಡುವುದುಂಟು. ಮಲ್ಟಿಮೀಟರಿನ ಡಯೋಡ್ ಗುರುತಿಗೆ ಇಟ್ಟು ನೋಡಿ: 0.2ರಿಂದ 0.4ರ ಒಳಗಿದ್ದರೆ ಅದು ಶಾಟ್ಕಿ ಅನ್ನುವ ಬೇರೆ ಜಾತಿಯ ಡಯೋಡ್ ಆದರೂ ಪರವಾಗಿಲ್ಲ, ಕೆಲಸ ಮಾಡಬಹುದು. 0.6 ತೋರಿಸಿದರೆ ವಾಪಸ್ ಕೊಡಿ. ಅಂದ ಹಾಗೆ, ಹರಳಿನಿಂದ ರೇಡಿಯೋ ಅಲೆ ಹಿಡಿಯುವ ಸಾಧನಕ್ಕೆ 1901ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದವರು ನಮ್ಮ ಜಗದೀಶ ಚಂದ್ರ ಬೋಸ್. ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಶೇವಿಂಗ್ ಬ್ಲೇಡು, ಪೆನ್ಸಿಲ್ ಸೀಸ ಇಟ್ಟುಕೊಂಡೇ ಡಯೋಡಿನ ಕೆಲಸ ಮಾಡಿಸಿಕೊಂಡಿದ್ದಾರೆ. ನಾವು ಅಷ್ಟು ಕಷ್ಟಪಡಬೇಕಾಗಿಲ್ಲ.

ಜೋಡಣೆ ಐದು ನಿಮಿಷದ ಮಾತು. ಕಾಯಿಲಿನ ಎರಡು ತುದಿಗೆ ಗ್ಯಾಂಗಿನ ಎರಡು ಕಾಲು. 15ನೇ ಸುತ್ತಿನ ಕಿವಿಗೆ ಹತ್ತಿರ ಇರುವ ತುದಿ ಅರ್ತ್‌ಗೆ, ಆ ಕಿವಿ ಏರಿಯಲ್‌ಗೆ. ಇನ್ನೊಂದು ತುದಿಯಿಂದ ಡಯೋಡ್, ಡಯೋಡಿನಿಂದ ಇಯರ್‌ಫೋನ್, ಇಯರ್‌ಫೋನಿನಿಂದ ವಾಪಸ್ ಅರ್ತ್. ಗ್ಯಾಂಗಿನ ಲೋಹದ ಮೈ ಮಾತ್ರ ಅರ್ತ್ ಕಡೆಗೇ ಇರಲಿ, ಇಲ್ಲವಾದರೆ ನೀವು ಕೈ ಹತ್ತಿರ ತಂದಾಗಲೆಲ್ಲ ನಿಲಯ ಸರಿದು ಹೋಗುತ್ತದೆ.

ಮೊಬೈಲಿನ ಇಯರ್‌ಫೋನ್ ನೇರವಾಗಿ ಹಾಕಿದರೆ ಏನೂ ಕೇಳುವುದಿಲ್ಲ. ಅದು 32 ಓಮಿನದು, ಇರುವ ಚೂರು ಶಕ್ತಿಯನ್ನೂ ಅಡಗಿಸಿಬಿಡುತ್ತದೆ. ಕ್ರಿಸ್ಟಲ್ ಇಯರ್‌ಪೀಸ್ ಸಿಕ್ಕರೆ ಒಳ್ಳೆಯದು, ಅದಕ್ಕೆ ಅಡ್ಡಲಾಗಿ ಒಂದು 47ಕೆ (47 ಸಾವಿರ ಓಮ್) ರೆಸಿಸ್ಟರ್ ಹಾಕಿ. ಆದರೆ ನನ್ನ ಮೆಚ್ಚಿನ ಉಪಾಯ ಬೇರೆ. ಹಳೆ ಬ್ಯಾಟರಿ ಎಲಿಮಿನೇಟರ್ ಬಿಚ್ಚಿ, ಒಳಗಿನ 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ತೂಕವಿರುವ ಹಳೆ ಕಾಲದ್ದೇ ಆಗಬೇಕು, ಹಗುರವಾದ ಈಗಿನ ಚಾರ್ಜರ್ ಬೇಡ. ಅದನ್ನು ಉಲ್ಟಾ ಬಳಸಿ: 230 ವೋಲ್ಟಿನ ಕಡೆ ಡಯೋಡ್ ಮತ್ತು ಅರ್ತ್‌ಗೆ, 6 ವೋಲ್ಟಿನ ಕಡೆ ಮಾಮೂಲಿ ಇಯರ್‌ಫೋನಿಗೆ. ಪ್ಲಗ್ ಪಿನ್ನುಗಳನ್ನು ಮೊದಲೇ ಕತ್ತರಿಸಿ ಬಿಸಾಕಿ. ಮಕ್ಕಳಿರುವ ಮನೆಯಲ್ಲಿ ಅದನ್ನು ಯಾರಾದರೂ ಗೋಡೆಗೆ ಸಿಕ್ಕಿಸಿದರೆ ಇಯರ್‌ಫೋನ್ ಹಾಕಿಕೊಂಡವರ ಗತಿ ಏನು?

ಇನ್ನು ನಿಜವಾದ ಕೆಲಸ. ಏರಿಯಲ್‌ಗೆ ಮನೆ ವೈರಿಂಗಿನ ಮಾಮೂಲಿ ತಂತಿ 20 ಮೀಟರ್ ಸಾಕು, ಮೇಲಿನ ಪ್ಲಾಸ್ಟಿಕ್ ಸುಲಿಯಬೇಕಿಲ್ಲ. ನಮ್ಮಲ್ಲಿ ಟೆರೇಸಿನ ಕಂಬದಿಂದ ತೆಂಗಿನ ಮರಕ್ಕೆ ಕಟ್ಟಿದೆ. ಎರಡೂ ತುದಿಗೆ ನೈಲಾನ್ ಹಗ್ಗ, ಗಾಳಿಗೆ ಮರ ತೂಗುವಷ್ಟು ಸಡಿಲ ಬಿಡಿ. ಕೆಇಬಿ ತಂತಿಯ ಮೇಲೆ, ಕೆಳಗೆ, ಪಕ್ಕ, ಎಲ್ಲೂ ಬೇಡ. ತಂತಿ ಕಿತ್ತು ಬಿದ್ದರೂ ಅಲ್ಲಿಗೆ ತಾಗಬಾರದು, ಅಷ್ಟು ದೂರವಿರಲಿ. ಮಾರ್ಚ್ ಕಳೆದರೆ ಸಂಜೆ ಗುಡುಗು ಶುರುವಾಗುತ್ತದಲ್ಲ, ಆಗ ಕೇಳುವುದೇ ಬೇಡ. ಮೋಡ ಕಟ್ಟುವ ಮುಂಚೆಯೇ ತಂತಿಯನ್ನು ಸೆಟ್‌ನಿಂದ ಬಿಡಿಸಿ, ಮನೆಯ ಹೊರಗೇ ಅರ್ತ್‌ಗೆ ಸೇರಿಸಿಡಿ.

ಅರ್ತ್‌ಗೆ ಹಿಂದಿನವರು ನಲ್ಲಿ ಪೈಪ್ ಹಿಡಿಯುತ್ತಿದ್ದರು. ಈಗ ಎಲ್ಲ ಪಿವಿಸಿ, ಉಪಯೋಗವಿಲ್ಲ. ನಾಲ್ಕಡಿ ಜಿಐ ಪೈಪ್ ನೆಲಕ್ಕೆ ಹೊಡೆದು, ಸುತ್ತ ಇದ್ದಿಲು, ಕಲ್ಲುಪ್ಪು ತುಂಬಿ, ನೀರು ಹಾಕಿ. ಬೇಸಿಗೆಯಲ್ಲಿ ಸದ್ದು ಕುಗ್ಗಿದರೆ ಒಂದು ಬಕೆಟ್ ನೀರು ಸುರಿದು ಕೇಳಿ, ಏರುವುದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದ ನೀರೆಲ್ಲ ಈಗ ಅಲ್ಲಿಗೇ. ಪ್ಲಗ್ ಪಾಯಿಂಟಿನ ನ್ಯೂಟ್ರಲ್ ಅನ್ನು ಅರ್ತ್ ಅಂತ ಬಳಸುವ ಸಾಹಸ ಮಾತ್ರ ಯಾವತ್ತೂ ಬೇಡ.

ಎಲ್ಲ ಆದ ಮೇಲೆ ಗ್ಯಾಂಗ್ ತಿರುಗಿಸಿ. ಏನೂ ಬರದಿದ್ದರೆ ಏರಿಯಲ್ ತುದಿಯನ್ನು 15ರಿಂದ 30ನೇ ಸುತ್ತಿನ ಕಿವಿಗೆ ಬದಲಿಸಿ, ಸದ್ದು ಜಾಸ್ತಿಯಾಗುತ್ತದೆ. ರಾತ್ರಿ ದೂರದ ನಿಲಯಗಳು ವಾತಾವರಣದ ಮೇಲ್ಪದರದಿಂದ ಪ್ರತಿಫಲಿಸಿ ಬಂದು ಒಂದರ ಮೇಲೊಂದು ಮಾತಾಡುತ್ತವೆ. ಆಗ 15ಕ್ಕೇ ವಾಪಸ್ ಬನ್ನಿ. ಅದೂ ಸಾಲದಿದ್ದರೆ ಡಯೋಡನ್ನು ಕಾಯಿಲಿನ ತುದಿಯಿಂದ ಬಿಚ್ಚಿ 30ರ ಕಿವಿಗೆ ಹಾಕಿ. ಸದ್ದು ಸ್ವಲ್ಪ ಇಳಿಯುತ್ತದೆ, ಆದರೆ ನಿಲಯಗಳು ಬೇರೆ ಬೇರೆಯಾಗುತ್ತವೆ.