ಟ್ರಂಕಿನಲ್ಲಿ ಖಡಕ್ ರೊಟ್ಟಿ, ಫ್ಲಾಸ್ಕಿನಲ್ಲಿ ಮೊಸರು

ಫೌಜಿಯ ರಜೆಯ ಕೊನೆಯ ವಾರ ಬಂತೆಂದರೆ ಪುಣೆಯ ಖಡಕಿ, ದಿಘಿ, ವಿಶ್ರಾಂತವಾಡಿಯ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ: ಕರಿ ಟ್ರಂಕಿನಲ್ಲಿ ಏನು ತುಂಬುವುದು? ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಕೇಂದ್ರ ಖಡಕಿಯಲ್ಲೇ ಇರುವುದರಿಂದ ಈ ಭಾಗದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಫೌಜಿ ಕುಟುಂಬಗಳಿಗೆ ಕೊರತೆಯಿಲ್ಲ. ಮನೆಯವರ ಕೈ ಮೊದಲು ಹೋಗುವುದು ಉಂಡೆ, ಚಕ್ಕುಲಿ ಕಡೆಗೆ. ಅವು ಝೇಲಂ ಎಕ್ಸ್‌ಪ್ರೆಸ್ ಜಮ್ಮು ತಲುಪುವುದರೊಳಗೇ ಅರ್ಧ ಖಾಲಿಯಾಗಿರುತ್ತವೆ. ನನ್ನ ಲೆಕ್ಕ ಬೇರೆ. ಎತ್ತರದ ಪೋಸ್ಟಿನಲ್ಲಿ ತಿಂಗಳುಗಟ್ಟಲೆ ಕೂರುವವನಿಗೆ ತಿಂದು ಮುಗಿಸುವ ಪದಾರ್ಥಕ್ಕಿಂತ ದಿನವೂ ಕೈಗೆ ಒಂದಿಷ್ಟು ಮನೆಗೆಲಸ ಹಚ್ಚುವ ಪದಾರ್ಥ ಬೇಕು. ಹಾಗಾಗಿ ಒಂದು ಲೀಟರಿನೊಳಗಿನ ಸ್ಟೀಲ್ ಫ್ಲಾಸ್ಕ್, ಖಡಕ್ ಜೋಳದ ರೊಟ್ಟಿ, ಶೇಂಗಾ ಮತ್ತು ಅಗಸಿ ಹಿಂಡಿ (ಚಟ್ನಿಪುಡಿ), ಮೆಂತ್ಯ, ಒಂದು ಸಣ್ಣ ಬಾಟಲಿ ಕೊಬ್ಬರಿ ಎಣ್ಣೆ. ಉಳಿದದ್ದು ರಾಶನ್ನಿನಲ್ಲಿ ಸಿಗುತ್ತದೆ.

ಪ್ಯಾಕ್ ಮಾಡುವಾಗ ಒಂದು ಸಂಗತಿ ನೆನಪಿರಲಿ: ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲು ಮಾತ್ರ. ಪುಣೆಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ಟು ಅಲ್ಲಿ ಉಬ್ಬಿ, ಹೊಲಿಗೆ ಬಿಟ್ಟು, ಹಿಂಡಿಯೆಲ್ಲ ಉಣ್ಣೆ ಬಟ್ಟೆಗೆ ಸೇರುತ್ತದೆ. ಜಿಪ್ ಚೀಲದಲ್ಲಿ ಗಾಳಿಯನ್ನು ಪೂರ್ತಿ ಹಿಂಡಿ ತೆಗೆದು ತುಂಬಬೇಕು. ಉಪ್ಪಿನಕಾಯಿ ಬಾಟಲಿ ಅಡ್ಡ ಮಲಗಿದ್ದರೆ ಒಳಗಿನ ಗಾಳಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ತಳ್ಳುತ್ತದೆ. ಅದನ್ನು ನೆಟ್ಟಗೆ ಇಟ್ಟು, ಸುತ್ತ ಹಳೇ ಪೇಪರ್ ತುರುಕಿ. ಉಪ್ಪಿನಕಾಯಿಗೆ ಶೇಂಗಾ ಎಣ್ಣೆ ಬೇಡ, ಚಳಿಗೆ ಬೇಗ ಹೆಪ್ಪುಗಟ್ಟುತ್ತದೆ. ಕುಸುಬಿ ಎಣ್ಣೆ ಅಥವಾ ಸಾಸಿವೆ ಎಣ್ಣೆಯದ್ದು ಹೆಚ್ಚು ಚಳಿ ತಡೆಯುತ್ತದೆ. ರೊಟ್ಟಿಗೆ ಅದರ ಅಳತೆಯದೇ ದುಂಡನೆಯ ಡಬ್ಬಿ ಹುಡುಕಿ. ಡಬ್ಬಿ ದೊಡ್ಡದಾದರೆ ರೊಟ್ಟಿ ಅಲ್ಲಾಡಿ ಪುಡಿಯಾಗುತ್ತದೆ. ಪುಡಿಯಾದರೂ ನಷ್ಟವಿಲ್ಲ, ಮಜ್ಜಿಗೆಯಲ್ಲಿ ನೆನೆಹಾಕಿ ಒಗ್ಗರಣೆ ಕೊಟ್ಟರೆ ಮುಟಗಿಯ (ರೊಟ್ಟಿ ಕುಟ್ಟಿ ಮಾಡುವ ತಿನಿಸು) ಹತ್ತಿರದ ರುಚಿ.

ಮೇಲೆ ಹೋದ ಕೂಡಲೇ ಏನನ್ನೂ ಶುರು ಮಾಡಬಾರದು. ಹವೆಗೆ ಮೈ ಒಗ್ಗಲು 9,000ದಿಂದ 12,000 ಅಡಿಯ ಮೊದಲ ಹಂತದಲ್ಲಿ 6 ದಿನ, 12,000ದಿಂದ 15,000 ಅಡಿವರೆಗಿನ ಹಂತದಲ್ಲಿ 4 ದಿನ, ಅದರ ಮೇಲೆ ಮತ್ತೆ 4 ದಿನ ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಮೊದಲ ಎರಡು ದಿನವಂತೂ ಪೂರ್ತಿ ವಿಶ್ರಾಂತಿ. ಆಗ ನೀರು ಕುಡಿಯುವುದೇ ಕೆಲಸ.

ಆಮೇಲೆ ಅಡುಗೆ. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿಯಾಗದು, ಬೇಳೆ ಬೇಯದು. ಕುಕ್ಕರಿನ ಒಳಗೂ ಪುಣೆಯ 120 ಡಿಗ್ರಿ ಸಿಗದು, 113ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಮೂರು ಸೀಟಿಗೆ ಬೇಯುವ ತೊಗರಿಬೇಳೆಗೆ ಇಲ್ಲಿ ಆರು ಬೇಕು. ಕಡಲೆಯನ್ನು ರಾತ್ರಿಯಿಡೀ ನೆನೆಸದೆ ಒಲೆಗೆ ಏರಿಸುವುದು ಸೀಮೆಎಣ್ಣೆ ದಂಡ.

ಇನ್ನು ಮೊಸರು. ಫೌಜಿನ ಅಡುಗೆಮನೆಯಾದ ಲಂಗರಿನಲ್ಲಿ ಎಲ್ಲ ಸಿಕ್ಕರೂ ಮನೆಯ ಮೊಸರು ಸಿಗುವುದಿಲ್ಲ, ಹೆಪ್ಪು ಹಾಕುವುದು ಕಷ್ಟವೂ ಅಲ್ಲ. ಅರ್ಧ ಲೀಟರ್ ನೀರಿಗೆ 75 ಗ್ರಾಂ ಕೆನೆಯುಳ್ಳ ಹಾಲಿನ ಪುಡಿ. ಪುಡಿಯನ್ನು ಮೊದಲು ಸ್ವಲ್ಪ ಬೆಚ್ಚನೆಯ ನೀರಿನಲ್ಲಿ ಕಲಸಿ ಗಂಟು ಒಡೆದು, ಉಳಿದ ನೀರು ಸೇರಿಸಿ, ಉಕ್ಕು ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿ. ಹಾಲು ಇಲ್ಲಿ ಊರಿಗಿಂತ ಬೇಗ ಉಕ್ಕುತ್ತದೆ, ಬೆನ್ನು ತಿರುಗಿಸಬೇಡಿ. ಆರಿಸಿ, ತೊಳೆದ ಕಿರುಬೆರಳನ್ನು ಅದ್ದಿ ಹತ್ತು ಎಣಿಸುವವರೆಗೆ ತಡೆಯುವಂತಾದರೆ ಸುಮಾರು 43 ಡಿಗ್ರಿ. ಅಷ್ಟು ಸಾಕು.

ಹೆಪ್ಪು ಎಲ್ಲಿಂದ? ರಾಶನ್ನಿನ ಒಣಮೆಣಸಿನಕಾಯಿಯ ತೊಟ್ಟಿನಿಂದ. ಎಂಟು-ಹತ್ತು ತೊಟ್ಟು ಹಾಕಿ ಬಿಟ್ಟರೆ ಹತ್ತು-ಹನ್ನೆರಡು ತಾಸಿನಲ್ಲಿ ತೆಳ್ಳಗೆ ಮೊಸರಾಗುತ್ತದೆ. ಇದು ತಿನ್ನಲು ಸಪ್ಪೆ, ಆದರೆ ಇದರ ಒಂದು ಚಮಚ ಮುಂದಿನ ಹಾಲಿಗೆ ಬಿದ್ದರೆ ಆರೇಳು ತಾಸಿಗೆ ಗಟ್ಟಿ ಮೊಸರು. ಫ್ಲಾಸ್ಕನ್ನು ಮೊದಲು ಬಿಸಿನೀರಿನಿಂದ ಬೆಚ್ಚಗೆ ಮಾಡಿ, ಚೆಲ್ಲಿ, ಹಾಲು ಸುರಿದು ಮುಚ್ಚಿ, ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲಿ ನೆಟ್ಟಗೆ ಇಡಿ.

ಹೊಸಬರು ಪಾತ್ರೆಯನ್ನು ಬುಖಾರಿಗೆ, ಅಂದರೆ ಬಂಕರ್ ಬೆಚ್ಚಗಿಡುವ ಸೀಮೆಎಣ್ಣೆ ಒಲೆಗೆ, ಒತ್ತಿ ಇಡುತ್ತಾರೆ. ಬುಖಾರಿ ಕಡೆಯ ಹಾಲು 50 ಡಿಗ್ರಿ ದಾಟಿ ಹೆಪ್ಪು ಸಾಯುತ್ತದೆ, ಆಚೆ ಕಡೆ ಹಾಲು ಹಾಲಾಗಿಯೇ ಉಳಿಯುತ್ತದೆ. ರಾತ್ರಿ ಬುಖಾರಿ ಆರಿಸಿದ ಮೇಲೆ ಎಲ್ಲವೂ ಮಂಜುಗಡ್ಡೆ. ಆರಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ: ಮುಚ್ಚಿದ ಬಂಕರಿನಲ್ಲಿ ಉರಿಯುವ ಬುಖಾರಿಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಮಲಗಿದವನು ಏಳುವುದಿಲ್ಲ. ಇನ್ನೊಂದು ಕಾಟ ಸೀಮೆಎಣ್ಣೆ ವಾಸನೆ. ಜೆರಿಕ್ಯಾನ್ ಎತ್ತಿದ ಕೈಯಲ್ಲಿ ಹಾಲು ಮುಟ್ಟಿದರೆ ಮೊಸರೂ ಅದೇ ವಾಸನೆ ಹೊಡೆಯುತ್ತದೆ. ಬೂದಿ ಸಿಕ್ಕರೆ ಬೂದಿಯಿಂದ ಕೈ ಉಜ್ಜಿ ತೊಳೆಯಿರಿ.

ಹಸಿರು ಬೇಕೆನಿಸಿದರೆ ತುಪ್ಪದ ಖಾಲಿ ಡಬ್ಬಿಯನ್ನು ಅಡ್ಡ ಕತ್ತರಿಸಿ ಒದ್ದೆ ಗೋಣಿತುಂಡು ಹಾಸಿ, ರಾತ್ರಿಯಿಡೀ ನೆನೆದ ಮೆಂತ್ಯ ಹರಡಿ. ಹಗಲು ಬಿಸಿಲಿನ ಕಿಂಡಿಯಲ್ಲಿ, ರಾತ್ರಿ ಒಳಗೆ. ಹತ್ತು-ಹನ್ನೆರಡು ದಿನಕ್ಕೆ ಕತ್ತರಿಸುವಷ್ಟು ಸೊಪ್ಪು. ನೀರು ನಿಂತರೆ ಬೂಷ್ಟು ಹಿಡಿಯುತ್ತದೆ, ಚಿಮುಕಿಸಿದರೆ ಸಾಕು.

ಭಾನುವಾರದ ಎಣ್ಣೆ ಸ್ನಾನಕ್ಕೆ ನೀರೇ ದುಬಾರಿ. ಹೊಸ ಹಿಮ ಹತ್ತು ಬಕೆಟ್ ಕರಗಿಸಿದರೆ ನೀರು ಸಿಗುವುದು ಒಂದು ಬಕೆಟ್. ಖಾಲಿ ಪಾತ್ರೆಗೆ ಹಿಮ ಸುರಿದು ಉರಿ ಹಚ್ಚಿದರೆ ತಳ ಸುಡುತ್ತದೆ, ಮೊದಲು ಒಂದು ಮಗ್ಗು ನೀರು ಇರಬೇಕು. ಕೊಬ್ಬರಿ ಎಣ್ಣೆ ಕಲ್ಲಾಗಿರುತ್ತದೆ, ಬೆಳಿಗ್ಗೆಯೇ ಬಾಟಲಿಯನ್ನು ಜಾಕೆಟ್ಟಿನ ಒಳಜೇಬಿಗೆ ಸೇರಿಸಿ. ಸ್ನಾನ ನಡುಮಧ್ಯಾಹ್ನವೇ, ತಲೆ ಪೂರ್ತಿ ಒಣಗದೆ ಹೊರಗೆ ಕಾಲಿಡಬಾರದು.

ಆಟಕ್ಕೆ ಇಸ್ಪೀಟಿಗಿಂತ ಚೌಕಾಬಾರ ವಾಸಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಮನೆ ಬರೆದು, ರಾಶನ್ನಿನ ಹುಣಸೆ ಬೀಜ ಎರಡನ್ನು ಸೀಳಿ ನಾಲ್ಕು ಹೋಳು ಮಾಡಿದರೆ ಕವಡೆ ಸಿದ್ಧ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಸೆಂಟ್ರಿ ಡ್ಯೂಟಿಗೆ ಒಬ್ಬ ಎದ್ದರೆ ಕಾಯಿ ಇದ್ದಲ್ಲೇ ಇರುತ್ತದೆ, ಬಂದವನು ಅಲ್ಲಿಂದಲೇ ಮುಂದುವರಿಸುತ್ತಾನೆ. ಪಂಜಾಬಿ, ಮಲಯಾಳಿ, ಗೂರ್ಖಾ ಯಾರಾದರೂ ಒಂದೇ ಸಂಜೆಯಲ್ಲಿ ಕಲಿಯುತ್ತಾರೆ. ಮೋಸವನ್ನೂ.

ಮನೆಯವರಿಗೆ: ಫೋನು ಸಿಗುವುದು ಕೆಲವೇ ನಿಮಿಷ. ಸಾಲದ ಕಂತು, ಜಗಳ ಎಲ್ಲ ಪತ್ರದಲ್ಲಿ ಬರೆಯಿರಿ, ಫೋನಿನಲ್ಲಿ ಇವತ್ತು ಮಂಡಈ ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಎಷ್ಟು ಎಂಬಂಥದ್ದು ಸಾಕು. ಪತ್ರಕ್ಕೆ ನಂಬರು ಹಾಕಿ, ಒಂದರ ಹಿಂದೊಂದು ಬರುವ ಖಾತರಿ ಇಲ್ಲ, ಕೆಲವೊಮ್ಮೆ ನಾಲ್ಕನೆಯದು ಎರಡನೆಯದಕ್ಕಿಂತ ಮೊದಲೇ ಕೈ ಸೇರುತ್ತದೆ. ವಿಳಾಸದಲ್ಲಿ ನಂಬರು, ರ‍್ಯಾಂಕ್, ಹೆಸರು, ಯೂನಿಟ್, ಸೇನೆಯ ಪಿನ್ ಕೋಡ್, ಕೇರಾಫ್ 56 ಎಪಿಒ (ಸೇನಾ ಅಂಚೆ ಕಚೇರಿ) ಇಷ್ಟೇ. ಈಶಾನ್ಯದಲ್ಲಿ ಇರುವವರಿಗೆ 99 ಎಪಿಒ. ಊರಿನ ಹೆಸರನ್ನು ಲಕೋಟೆಯ ಮೇಲೂ ಬರೆಯಬೇಡಿ, ಒಳಗೂ ಬರೆಯಬೇಡಿ.