ಅಮೆರಿಕದ ಬಲಪಂಥೀಯರ ಒಳಜಗಳವನ್ನು ನಾನು ಕನ್ನಡದಲ್ಲಿ ಹೇಳುವ ರೀತಿ

ಬನಶಂಕರಿಯ ನನ್ನ ಮನೆಯಿಂದ ಪ್ರತಿ ಭಾನುವಾರ ಕನ್ನಡದಲ್ಲಿ ಒಂದು ಆಡಿಯೋ ಕಾರ್ಯಕ್ರಮ ಮಾಡುತ್ತೇನೆ. ವಿಷಯ ಅಮೆರಿಕದ ರಾಜಕೀಯ. ಅದರಲ್ಲೂ ಅಲ್ಲಿನ ಬಲಪಂಥದ ಟಿವಿ, ರೇಡಿಯೋ, ಪತ್ರಿಕೆ, ಯೂಟ್ಯೂಬ್ ಮಂದಿ ಏನು ಹೇಳುತ್ತಾರೆ, ತಮ್ಮತಮ್ಮಲ್ಲೇ ಯಾಕೆ ಜಗಳ ಆಡುತ್ತಾರೆ ಅನ್ನೋದು. ನಾನೂ ಬಲಪಂಥದವನೇ. ಮನೆ, ದೇವಸ್ಥಾನ, ಊರು, ಸ್ವಂತ ದುಡಿಮೆ, ಇವುಗಳಲ್ಲಿ ಸರ್ಕಾರ ಜಾಸ್ತಿ ಕೈ ಹಾಕಬಾರದು ಅಂತ ನಂಬಿದವನು. ಕೇಳುವವರಿಗೂ ಅದು ಗೊತ್ತು. ಹಾಗಾಗಿಯೇ ಎಷ್ಟೋ ಜನ ಫೋನ್ ಮಾಡಿ ಕೇಳುತ್ತಾರೆ, "ನಮ್ಮ ಕಡೆಯವರ ಜಗಳ ನೀವೇ ಯಾಕೆ ಸಾರ್ ಬೀದಿಗೆ ತರ್ತೀರಿ?" ಅಂತ. ಅವರಿಗೆ ಫೋನಿನಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಇದು ಬೆಂಗಳೂರಿಗೆ ದೂರದ ಜಗಳವೇ ಅಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಂಪ್ ಅವರು ಚೆನ್ನೈನಲ್ಲಿ ಹುಟ್ಟಿದ ಶ್ರೀರಾಮ್ ಕೃಷ್ಣನ್ ಅವರನ್ನು ಎಐ ಸಲಹೆಗಾರರಾಗಿ ಆರಿಸಿದರು. ಟ್ರಂಪ್ ಅವರ ಕಟ್ಟಾ ಬೆಂಬಲಿಗರಾದ ಲಾರಾ ಲೂಮರ್ ಇದಕ್ಕೆ ತಿರುಗಿಬಿದ್ದರು. ಅಲ್ಲಿಂದ ಮಾತು, ಹೊರದೇಶದ ನುರಿತ ಕೆಲಸಗಾರರಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾಕ್ಕೆ ಹೋಯಿತು. ವೀಸಾ ಬೇಕೇ ಬೇಕು ಅಂತ ಉದ್ಯಮಿಗಳಾದ ಇಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಒಂದು ಕಡೆ. ಅದನ್ನು ಕಿತ್ತುಹಾಕಿ ಅಂತ ಟ್ರಂಪ್ ಅವರ ಮಾಜಿ ಸಲಹೆಗಾರ ಸ್ಟೀವ್ ಬ್ಯಾನನ್ ಇನ್ನೊಂದು ಕಡೆ. ಟ್ರಂಪ್ ಆಗ ಮಸ್ಕ್ ಕಡೆ ಮಾತಾಡಿದರು. ನಮ್ಮ ಪತ್ರಿಕೆಗಳು ಜಗಳ ಮುಗಿಯಿತು ಅನ್ನುವ ಹಾಗೆ ಬರೆದವು.

ಬ್ಯಾನನ್ ಕಡೆಯವರು ಮಾತ್ರ ಮುಗಿಸಲಿಲ್ಲ. ದಿನಾ ಅದೇ ಮಾತು, ಅದೇ ಒತ್ತಡ. ನಾನು ಅದನ್ನು ವಾರವಾರ ಹೇಳುತ್ತಾ ಬಂದೆ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕುವ ಆದೇಶಕ್ಕೆ ಅದೇ ಟ್ರಂಪ್ ಸಹಿ ಹಾಕಿದರು. ನಮಗೆ ಸುದ್ದಿ ಬಂದದ್ದು ಶನಿವಾರ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ನನ್ನ ತಂಗಿ ಮಗ ರಜೆಗೆ ಬಂದಿದ್ದ. ಆಗಲೇ ಸೂಟ್‌ಕೇಸ್ ತುಂಬುತ್ತಿದ್ದ. "ಮಾವ, ಇವತ್ತೇ ಹೊರಡಲಾ, ಇರಲಾ?" ಅಂತ ಕೇಳಿದ. ಆದೇಶದ ಮೂಲ ಪಠ್ಯ ತೆಗೆದು ಅವನ ಜೊತೆ ಕೂತು ಓದಿದೆ. ಆಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಶ್ವೇತಭವನ ಕೂಡ ಸ್ಪಷ್ಟ ಮಾಡಿತು. ಅವನು ಉಳಿದ. ತಂಗಿ ಮನೆಯಲ್ಲಿ ಹಿರಿಯರ ಕಾರ್ಯ ನೆಮ್ಮದಿಯಾಗಿ ನಡೆಯಿತು.

ಅಲ್ಲಿನವರು ತಮ್ಮತಮ್ಮಲ್ಲಿ ಇವತ್ತು ಆಡುವ ಜಗಳ ನಾಳೆ ಆದೇಶವಾಗಿ ಬರುತ್ತದೆ, ಅದಕ್ಕೇ ನಾನು ಅದನ್ನು ಬಿಡದೆ ಹೇಳುವುದು.

ಇನ್ನು ಕೆಲಸ ಮಾಡುವ ರೀತಿ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8 ಗಂಟೆಗೆ ಬರುವ ಷೋ ನಮಗೆ ಬೆಳಿಗ್ಗೆ 5:30ಕ್ಕೆ. ಚಳಿಗಾಲದಲ್ಲಿ 6:30ಕ್ಕೆ. ಕಾಫಿ ಕುಡಿಯುವ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಅದರ ತುಣುಕುಗಳು ಬಂದಿರುತ್ತವೆ. ಪೂರ್ತಿ ನೋಡುವ ತನಕ ಯಾವ ತುಣುಕಿನ ಬಗ್ಗೆಯೂ ನಾನು ಮಾತಾಡುವುದಿಲ್ಲ. 2025ರ ಜೂನ್‌ನಲ್ಲಿ ಫಾಕ್ಸ್ ನ್ಯೂಸ್ ಟಿವಿಯ ಮಾಜಿ ನಿರೂಪಕ ಟಕರ್ ಕಾರ್ಲ್‌ಸನ್ ಅವರು ಸೆನೆಟರ್ ಟೆಡ್ ಕ್ರೂಜ್ ಅವರನ್ನು ಸಂದರ್ಶನ ಮಾಡಿದರು. ಇರಾನ್ ಜನಸಂಖ್ಯೆ ಎಷ್ಟು ಅಂತ ಕೇಳಿದಾಗ ಕ್ರೂಜ್‌ಗೆ ಗೊತ್ತಿರಲಿಲ್ಲ. ಆ ತುಣುಕು ಇಲ್ಲಿಗೂ ಬಂತು, ಎಲ್ಲರೂ ನಕ್ಕರು. ಪೂರ್ತಿ ಸಂದರ್ಶನ ಹತ್ತಿರ ಹತ್ತಿರ ಎರಡು ಗಂಟೆಯದು. ಅದರಲ್ಲಿ ಇದ್ದದ್ದು ಒಂದು ದೊಡ್ಡ ಪ್ರಶ್ನೆ. ಇಸ್ರೇಲ್ ಶುರು ಮಾಡಿದ ಯುದ್ಧಕ್ಕೆ ಅಮೆರಿಕ ಇಳಿಯಬೇಕಾ, ಬೇಡವಾ? ಇರಾಕ್ ಯುದ್ಧದ ಪಾಠ ಮರೆತಿರಾ ಅಂತ ಕಾರ್ಲ್‌ಸನ್. ಇರಾನ್ ಕೈಗೆ ಅಣುಬಾಂಬ್ ಸಿಗಲು ಬಿಡಬಾರದು ಅಂತ ಕ್ರೂಜ್. ಇಬ್ಬರ ಮಾತಿನಲ್ಲೂ ತೂಕ ಇತ್ತು. ರೇಡಿಯೋದ ಮಾರ್ಕ್ ಲೆವಿನ್ ಕೂಡ ಕಾರ್ಲ್‌ಸನ್ ಮೇಲೆ ಮುಗಿಬಿದ್ದಿದ್ದರು. ಕೆಲವೇ ದಿನಗಳಲ್ಲಿ, ಜೂನ್ 22ರಂದು, ಇರಾನಿನ ಅಣುಕೇಂದ್ರಗಳಿರುವ ಫೋರ್ಡೋ, ನತಾಂಜ್, ಇಸ್ಫಹಾನ್ ಮೇಲೆ ಅಮೆರಿಕದ ಬಾಂಬ್ ಬಿದ್ದವು. ನಕ್ಕು ಸುಮ್ಮನಾದವರಿಗೆ ಬಾಂಬ್ ಬಿದ್ದದ್ದು ಮಾತ್ರ ಕಂಡಿತು. ಅದರ ಹಿಂದೆ ನಡೆದ ವಾದ ಕಾಣಲಿಲ್ಲ.

ಪೂರ್ತಿ ನೋಡಿದ ಮೇಲೆ ನಾನು ಕೇಳಿಕೊಳ್ಳುವ ಮುಖ್ಯ ಪ್ರಶ್ನೆ ಬೇರೆ. ಮಾತಾಡುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನು ನಾನು. ಅರ್ಜಿಯಲ್ಲಿ ಏನು ಬರೆದಿದ್ದಾರೆ ಅನ್ನೋದಕ್ಕಿಂತ ಮೊದಲು ಆದಾಯದ ಕಾಗದ ನೋಡುವುದು ನನಗೆ ರೂಢಿ. ಮಾಧ್ಯಮದಲ್ಲೂ ಅದೇ ಮಾಡುತ್ತೇನೆ.

1955ರಲ್ಲಿ ಬಲಪಂಥದ ಲೇಖಕ ವಿಲಿಯಂ ಬಕ್ಲಿ 'ನ್ಯಾಷನಲ್ ರಿವ್ಯೂ' ಪತ್ರಿಕೆ ಶುರು ಮಾಡಿದರು. 1958ರಲ್ಲಿ ಜಾನ್ ಬರ್ಚ್ ಸೊಸೈಟಿ ಅಂತ ಒಂದು ಬಲಪಂಥದ ಸಂಘ ಹುಟ್ಟಿತು. ಅದರ ಮುಖ್ಯಸ್ಥ ರಾಬರ್ಟ್ ವೆಲ್ಚ್, ಅಧ್ಯಕ್ಷ ಐಸೆನ್‌ಹೋವರ್ ಅವರೇ ಕಮ್ಯುನಿಸ್ಟರ ಏಜೆಂಟ್ ಅನ್ನುವ ತನಕ ಹೋಗಿದ್ದರು. 1962ರಲ್ಲಿ ಬಕ್ಲಿ ತಮ್ಮ ಪತ್ರಿಕೆಯಲ್ಲೇ ವೆಲ್ಚ್ ವಿರುದ್ಧ ಬರೆದರು. ಚಂದಾದಾರರು ಸಿಟ್ಟಾದರು, ಕೆಲವರು ಬಿಟ್ಟುಹೋದರು. ಪತ್ರಿಕೆ ಯಾವತ್ತೂ ಲಾಭದಲ್ಲಿ ನಡೆದದ್ದಲ್ಲ, ದಾನಿಗಳ ಹಣದಿಂದ ನಡೆಯುತ್ತಿತ್ತು. ಆದರೂ ಬಕ್ಲಿ ಹಿಂದೆ ಸರಿಯಲಿಲ್ಲ. 1991ರಲ್ಲಿ ಯೆಹೂದಿ ದ್ವೇಷದ ಪ್ರಶ್ನೆ ಎತ್ತಿ, ತಮ್ಮ ಹಳೆಯ ಒಡನಾಡಿಗಳಾದ ಪ್ಯಾಟ್ ಬುಕ್ಯಾನನ್, ಜೋ ಸೋಬ್ರನ್ ಬಗ್ಗೆಯೇ ಉದ್ದನೆಯ ಲೇಖನ ಬರೆದರು. 1993ರಲ್ಲಿ ಸೋಬ್ರನ್ ಪತ್ರಿಕೆಯಿಂದ ಹೊರಬಿದ್ದರು. ಬಕ್ಲಿ ಬಗ್ಗೆ ನನಗೆ ಬಹಳ ಗೌರವ ಇರುವುದು ಇದಕ್ಕೇ. ನಮ್ಮವನೇ ಆದರೂ ಇದು ಸಲ್ಲದು ಅಂತ ಮುಖದ ಮೇಲೆ ಹೇಳುವ ಧೈರ್ಯ ಅವರಿಗಿತ್ತು. ಆ ಮಾತು ನಡೆಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ಆ ಪತ್ರಿಕೆಯಿಂದ ಹೊರಬಿದ್ದವರಿಗೆ ಅಷ್ಟು ದೊಡ್ಡ ವೇದಿಕೆ ಬೇರೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಹೊಸ ವೇದಿಕೆಗಳು ಹುಟ್ಟತೊಡಗಿದ್ದವು. ರೇಡಿಯೋ, ಟಿವಿಗಳು ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕು ಅನ್ನುವ ನಿಯಮವನ್ನು ಅಮೆರಿಕ 1987ರಲ್ಲಿ ಕೈಬಿಟ್ಟಿತು. ಮರುವರ್ಷ ರಶ್ ಲಿಂಬಾ ಅವರ ರೇಡಿಯೋ ಷೋ ದೇಶದ ತುಂಬ ಕೇಳತೊಡಗಿತು. 1996ರಲ್ಲಿ ಫಾಕ್ಸ್ ನ್ಯೂಸ್ ಬಂತು. ಫಾಕ್ಸ್‌ಗೆ ಜಾಹೀರಾತಿನ ಜೊತೆಗೆ ಕೇಬಲ್ ಕಂಪನಿಗಳಿಂದ ಗ್ರಾಹಕರ ಲೆಕ್ಕದಲ್ಲಿ ಹಣ ಬರುತ್ತದೆ. ಚಾನೆಲ್ ನೋಡದವರೂ ಕೇಬಲ್ ಪ್ಯಾಕ್‌ಗೆ ಕಟ್ಟುವ ದುಡ್ಡಿನಲ್ಲಿ ಅದರ ಪಾಲು ಇರುತ್ತದೆ. ಅಂಥ ಆದಾಯ ಇದ್ದ ಸಂಸ್ಥೆಗೂ ನೋಡುಗರ ಭಯ ಎಷ್ಟಿತ್ತು ಅನ್ನೋದು 2020ರಲ್ಲಿ ಗೊತ್ತಾಯಿತು. ಚುನಾವಣೆಯ ರಾತ್ರಿ ಅರಿಜೋನಾ ಬೈಡನ್ ಪಾಲಾಯಿತು ಅಂತ ಫಾಕ್ಸ್ ಎಲ್ಲರಿಗಿಂತ ಮೊದಲು ಹೇಳಿತು. ಅದು ಸರಿಯಾಗಿಯೇ ಇತ್ತು. ನೋಡುಗರು ಸಿಟ್ಟಿನಿಂದ ಬಲಪಂಥದ ಇನ್ನೊಂದು ಚಾನೆಲ್ ನ್ಯೂಸ್‌ಮ್ಯಾಕ್ಸ್ ಕಡೆ ಹೊರಟರು. ಆ ಘೋಷಣೆಯನ್ನು ಸಮರ್ಥಿಸಿದ್ದ ಫಾಕ್ಸ್‌ನ ರಾಜಕೀಯ ಸಂಪಾದಕ ಕ್ರಿಸ್ ಸ್ಟೈರ್‌ವಾಲ್ಟ್ 2021ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ತನ್ನ ಯಂತ್ರಗಳಿಂದ ಚುನಾವಣೆಯಲ್ಲಿ ಮೋಸ ಆಯಿತು ಅಂತ ಫಾಕ್ಸ್‌ನಲ್ಲಿ ಬಂದ ಮಾತುಗಳ ವಿರುದ್ಧ, ಮತಯಂತ್ರ ಮಾಡುತ್ತಿದ್ದ ಡೊಮಿನಿಯನ್ ಕಂಪನಿ ಕೋರ್ಟಿಗೆ ಹೋಯಿತು. 2023ರ ಫೆಬ್ರವರಿಯಲ್ಲಿ ಅದರ ದಾಖಲೆಗಳು ಹೊರಬಂದವು. ಚುನಾವಣಾ ಮೋಸದ ಕಥೆಯನ್ನು ಖಾಸಗಿಯಾಗಿ ನಂಬದ ನಿರೂಪಕರು, ಜನ ಕೈತಪ್ಪಿ ಹೋಗುತ್ತಾರೆ ಅಂತ ತಮ್ಮತಮ್ಮಲ್ಲಿ ಮೆಸೇಜ್ ಮಾಡಿಕೊಂಡದ್ದು ಅದರಲ್ಲಿದೆ. ಡೊಮಿನಿಯನ್ ಬಗ್ಗೆ ಚಾನೆಲ್‌ನಲ್ಲಿ ಬಂದ ಆ ಮಾತುಗಳು ಸುಳ್ಳು ಅಂತ ವಿಚಾರಣೆಗೆ ಮುಂಚೆಯೇ ನ್ಯಾಯಾಧೀಶರು ತೀರ್ಮಾನಿಸಿದ್ದರು. ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 24ರಂದು ಕಾರ್ಲ್‌ಸನ್ ಚಾನೆಲ್‌ನಿಂದ ಹೊರಬಿದ್ದರು.

ಈ ದಾಖಲೆಗಳನ್ನು ನಾನು ಕಾರ್ಯಕ್ರಮದಲ್ಲಿ ಓದಿ ಹೇಳಿದಾಗ ಬೈಗುಳ ಬಂತು. "ಎಡಪಂಥದವರ ಕೆಲಸ ನೀವು ಮಾಡ್ತಿದ್ದೀರಿ" ಅಂದರು. ನನಗೆ ಹಾಗೆ ಅನ್ನಿಸುವುದೇ ಇಲ್ಲ. ಬಲಪಂಥದ ಮಾತನ್ನು ನಂಬಿ ದುಡ್ಡು, ಸಮಯ, ಮತ ಕೊಟ್ಟವರು ಬಲಪಂಥದ ಜನರೇ ತಾನೇ? ಸುಳ್ಳು ಹೇಳಿದ್ದು ಅವರಿಗೆ. ಮೋಸ ಹೋದವರ ಪರ ನಾನು ಮಾತಾಡದೆ ಇನ್ನು ಯಾರು ಮಾತಾಡಬೇಕು?

ಕಾರ್ಲ್‌ಸನ್ ಹೊರಬಿದ್ದು ಸಣ್ಣವರೇನೂ ಆಗಲಿಲ್ಲ. ಸ್ವಂತ ಷೋ ಕಟ್ಟಿದರು. 2024ರ ಮಾರ್ಚ್‌ನಲ್ಲಿ ನಿರೂಪಕಿ ಕ್ಯಾಂಡೇಸ್ ಓವೆನ್ಸ್ ಬಲಪಂಥದ ಮಾಧ್ಯಮ ಕಂಪನಿ ಡೈಲಿ ವೈರ್ ಬಿಟ್ಟರು. ಅವರ ಕೇಳುಗರೂ ಆಮೇಲೆ ಹೆಚ್ಚಿದರೇ ಹೊರತು ಕಡಿಮೆ ಆಗಲಿಲ್ಲ. ಬಕ್ಲಿ ಕಾಲಕ್ಕೂ ಈಗಿನ ಕಾಲಕ್ಕೂ ಇರುವ ವ್ಯತ್ಯಾಸ ಇದೇ. ಹೊರಗೆ ಹಾಕಿದರೆ ಬೆಳೆಯುತ್ತಾರೆ. ದುಡ್ಡು ನೇರವಾಗಿ ಕೇಳುಗರಿಂದ, ವೀಕ್ಷಣೆಯಿಂದ ಬರುತ್ತದೆ. ಜಗಳ ಜೋರಾದಷ್ಟೂ ವೀಕ್ಷಣೆ ಜಾಸ್ತಿ. 2016ರ ಜನವರಿಯಲ್ಲಿ 'ನ್ಯಾಷನಲ್ ರಿವ್ಯೂ' ಟ್ರಂಪ್ ವಿರುದ್ಧ ಇಡೀ ಸಂಚಿಕೆಯನ್ನೇ ತಂದಿತ್ತು. ಅದೇ ವರ್ಷ ಟ್ರಂಪ್ ಗೆದ್ದರು. ಟ್ರಂಪ್‌ರನ್ನು ಒಪ್ಪದ 'ವೀಕ್ಲಿ ಸ್ಟ್ಯಾಂಡರ್ಡ್' 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಬಾಗಿಲು ಕಾಯುವ ಶಕ್ತಿ ಆಮೇಲೆ ಯಾವ ಪತ್ರಿಕೆಗೂ ಉಳಿಯಲಿಲ್ಲ.

2025ರ ಶರತ್ಕಾಲದ ವಾರಗಳು ನನಗೆ ಕಷ್ಟದವು. ಸೆಪ್ಟೆಂಬರ್ 10ರಂದು ಯೂಟಾದ ಕಾಲೇಜಿನಲ್ಲಿ ಬಲಪಂಥದ ಯುವ ಸಂಘಟಕ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದರು. ಎದುರಾಳಿಗೆ ಮೈಕ್ ಕೊಟ್ಟು ವಾದ ಮಾಡುತ್ತಿದ್ದ ಹುಡುಗ ಅವರು. ಅವರಿದ್ದಾಗ ಬೇರೆಬೇರೆ ಬಣಗಳು ಒಂದೇ ವೇದಿಕೆಗೆ ಬರುತ್ತಿದ್ದವು. ಅಕ್ಟೋಬರ್ ಕೊನೆಗೆ ಕಾರ್ಲ್‌ಸನ್ ಅವರು ನಿಕ್ ಫುಯೆಂಟಿಸ್‌ನನ್ನು ಕೂರಿಸಿಕೊಂಡು ಸಂದರ್ಶನ ಮಾಡಿದರು. ಹಿಟ್ಲರ್‌ನನ್ನು ಹೊಗಳುವ, ಯೆಹೂದಿಗಳ ನರಮೇಧವನ್ನು ಹಾಸ್ಯ ಮಾಡುವ ವ್ಯಕ್ತಿ ಈತ. ಬಲಪಂಥದ ದೊಡ್ಡ ಚಿಂತನಾ ಸಂಸ್ಥೆ ಹೆರಿಟೇಜ್ ಫೌಂಡೇಷನ್‌ನ ಅಧ್ಯಕ್ಷ ಕೆವಿನ್ ರಾಬರ್ಟ್ಸ್ ವಿಡಿಯೋ ಮಾಡಿ ಕಾರ್ಲ್‌ಸನ್ ಬೆನ್ನಿಗೆ ನಿಂತರು. ಅವರ ಸಂಸ್ಥೆಯ ಒಳಗಿನವರೇ ಎದ್ದು ನಿಂತು ಪ್ರಶ್ನಿಸಿದರು. ರಾಬರ್ಟ್ಸ್ ಕ್ಷಮೆ ಕೇಳಿದರು. ಪ್ರಿನ್ಸ್‌ಟನ್‌ನ ಪ್ರೊಫೆಸರ್ ರಾಬರ್ಟ್ ಜಾರ್ಜ್ ಹೆರಿಟೇಜ್ ಮಂಡಳಿಗೆ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಕರ್ಕ್ ಕಟ್ಟಿದ ಸಂಘಟನೆಯ ಸಮಾವೇಶದಲ್ಲೇ ಡೈಲಿ ವೈರ್ ಕಟ್ಟಿದ ಬೆನ್ ಶಪೀರೋ ಕಾರ್ಲ್‌ಸನ್ ಮೇಲೆ ನೇರ ದಾಳಿ ಮಾಡಿದರು.

ಫುಯೆಂಟಿಸ್ ದನಿಯನ್ನು ನನ್ನ ಕಾರ್ಯಕ್ರಮದಲ್ಲಿ ಹಾಕಬೇಕಾ ಅಂತ ಯೋಚನೆ ಮಾಡಿದೆ. ಹಾಕಲಿಲ್ಲ. ಅವನು ಏನು ಹೇಳುತ್ತಾನೆ ಅನ್ನೋದನ್ನು ಮುಚ್ಚಿಡದೆ, ಸಕ್ಕರೆ ಲೇಪಿಸದೆ ನನ್ನ ಮಾತಲ್ಲೇ ಹೇಳಿದೆ. ಮಲ್ಲೇಶ್ವರದ ಹಿರಿಯರೊಬ್ಬರು ಕೇಳಿದರು, "ಯೆಹೂದಿಗಳ ವಿಷಯ ನಮಗ್ಯಾಕಪ್ಪಾ?" ಅಂತ. ಅದೇ ಬಾಯಿ ಉಪಾಧ್ಯಕ್ಷ ವ್ಯಾನ್ಸ್ ಅವರ ಹೆಂಡತಿ, ತೆಲುಗು ಮನೆತನದ ಉಷಾ ಅವರನ್ನೂ ಜನಾಂಗದ ಹೆಸರಲ್ಲಿ ಹೀಯಾಳಿಸಿದೆ ಅಂದೆ. ಅವರು ಸುಮ್ಮನಾದರು. ಆಮೇಲೆ ಇನ್ನೊಂದು ಮಾತೂ ಸೇರಿಸಿದೆ. ಉಷಾ ಹೆಸರು ಬರದಿದ್ದರೂ ಅದು ತಪ್ಪೇ, ಅಜ್ಜ. ಹುಟ್ಟಿನ ಕಾರಣಕ್ಕೆ ಒಂದು ಜನಾಂಗವನ್ನು ದ್ವೇಷಿಸುವುದು ನಾನು ನಂಬಿದ ಬಲಪಂಥದಲ್ಲಿ ಇಲ್ಲ.

ನಮ್ಮ ಕೇಳುಗರಿಗೆ ಬಿಡಿಸಿ ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ಅಲ್ಲಿ ನಾಯಕನನ್ನು ಬೈದವನು ಪಕ್ಷದಲ್ಲೇ ಹೇಗೆ ಉಳಿಯುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್ ಮೀರಿದರೆ ಶಾಸಕನ ಸ್ಥಾನವೇ ಹೋಗಬಹುದು. 2019ರಲ್ಲಿ ಮೈತ್ರಿ ಸರ್ಕಾರ ಬೀಳುವಾಗ ರೆಸಾರ್ಟ್, ರಾಜೀನಾಮೆ, 17 ಶಾಸಕರ ಅನರ್ಹತೆ ಎಲ್ಲ ನೋಡಿದ್ದೇವಲ್ಲ. ಅಮೆರಿಕದಲ್ಲಿ ಅಂಥ ಕಾಯ್ದೆ ಇಲ್ಲ. 2025ರ ಜುಲೈನಲ್ಲಿ ಟ್ರಂಪ್ ಅವರ ದೊಡ್ಡ ತೆರಿಗೆ ಮಸೂದೆಯ ವಿರುದ್ಧ ಅವರದೇ ರಿಪಬ್ಲಿಕನ್ ಪಕ್ಷದ ಸಂಸದ, ಕೆಂಟಕಿಯ ಥಾಮಸ್ ಮಾಸಿ ಮತ ಹಾಕಿದರು, ಪಕ್ಷದಲ್ಲೇ ಉಳಿದರು. ಅಲ್ಲಿನ ಸಂಸದರಿಗೆ ಅಪಾಯ ಇರುವುದು ಪ್ರೈಮರಿಯಲ್ಲಿ. ಪಕ್ಷದ ಟಿಕೆಟ್ ಯಾರಿಗೆ ಅಂತ ಮತದಾರರೇ ತೀರ್ಮಾನಿಸುವ ಚುನಾವಣೆ ಅದು. ಅದರಲ್ಲಿ ಮತ ಹಾಕುವವರು ಕಡಿಮೆ. ಹಾಕುವವರು ಜಾಸ್ತಿ ಕಟ್ಟಾ ಜನ, ಇಂಥ ಷೋಗಳನ್ನು ದಿನಾ ಕೇಳುವ ಜನ. ಒಬ್ಬ ನಿರೂಪಕನ ಮಾತಿಗೆ ಸಂಸದ ಯಾಕೆ ನಡುಗುತ್ತಾನೆ ಅನ್ನೋದು ಇದರಿಂದ ಗೊತ್ತಾಗುತ್ತದೆ. ಇದನ್ನು ಹೇಳದೆ ಬರೀ ಬೈದಾಟ ಹೇಳಿದರೆ ಕೇಳುಗರಿಗೆ ಸಿನಿಮಾ ಜಗಳ ನೋಡಿದ ಹಾಗಾಗುತ್ತದೆ, ಅಷ್ಟೇ.

ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಒಬ್ಬೊಬ್ಬರಿಗೆ ಒಂದು ಪುಟ. 2016ರಲ್ಲಿ ಏನಂದರು, 2020ರಲ್ಲಿ ಏನಂದರು, ಈಗ ಏನನ್ನುತ್ತಾರೆ. ಲೆವಿನ್ ಅವರ ಪುಟದಲ್ಲಿ 2016ರ ಏಪ್ರಿಲ್‌ನಲ್ಲಿ ಟ್ರಂಪ್‌ಗೆ ಮತ ಹಾಕುವುದಿಲ್ಲ ಅಂದದ್ದಿದೆ. ಆಮೇಲೆ ಅವರು ಕಟ್ಟಾ ಬೆಂಬಲಿಗರಾದರು. ಶಪೀರೋ 2016ರಲ್ಲಿ ಟ್ರಂಪ್‌ಗೆ ಮತ ಹಾಕಲಿಲ್ಲ, 2020ರಲ್ಲಿ ಹಾಕಿದರು. ಆಗ ಫಾಕ್ಸ್ ನಿರೂಪಕಿಯಾಗಿದ್ದ ಮೆಗಿನ್ ಕೆಲಿ 2015ರ ಚರ್ಚೆಯಲ್ಲಿ ಟ್ರಂಪ್‌ಗೆ ಬೆವರಿಳಿಸಿದವರು, 2024ರಲ್ಲಿ ಅವರ ಸಭೆಗೇ ಹೋಗಿ ಮಾತಾಡಿದರು. ಹೀಗೆ ಬದಲಾಗುವುದನ್ನು ನಾನು ದ್ರೋಹ ಅನ್ನುವುದಿಲ್ಲ. ಮನಸ್ಸು ಬದಲಾಯಿಸಲು ಒಳ್ಳೆಯ ಕಾರಣಗಳೂ ಇರುತ್ತವೆ. ಕಾರಣ ಬಾಯಿಬಿಟ್ಟು ಹೇಳಿದ್ದಾರಾ, ಅದೇ ಹೊತ್ತಿಗೆ ಆದಾಯದ ದಾರಿಯೂ ಬದಲಾಯಿತಾ, ಇವೆರಡನ್ನೂ ಬರೆದಿಡುತ್ತೇನೆ. ಭಾನುವಾರ ಮಾತಾಡುವಾಗ ಆ ಪುಟ ಎದುರಿಗಿರುತ್ತದೆ.

ಕಾರ್ಯಕ್ರಮಕ್ಕೆ ತಿಂಗಳ ಚಂದಾ ಇಡಿ ಸಾರ್, ನಾವು ಕೊಡ್ತೀವಿ ಅಂತ ಪ್ರೀತಿಯಿಂದ ಕೇಳುವವರಿದ್ದಾರೆ. ಬೇಡ ಅಂದಿದ್ದೇನೆ. ಪಿಂಚಣಿ ಬರುತ್ತದೆ, ಮೈಕ್ ಮಗಳು ಕೊಡಿಸಿದ್ದು. ಡೊಮಿನಿಯನ್ ದಾಖಲೆ ಓದಿದ ವಾರ ಕೇಳುವುದನ್ನು ಬಿಟ್ಟವರಲ್ಲಿ ಕೆಲವರು ಎಚ್-1ಬಿ ಆದೇಶದ ವಾರ ತಿರುಗಿ ಬಂದರು. ಕೆಲವರು ಬರಲೇ ಇಲ್ಲ.