ಗಡ್ಡಕ್ಕೆ 40, ಗಂಟೆಗೆ 39

ನಮ್ಮ ಕ್ಷೌರದಂಗಡಿಯ ಹಳೆಯ ದರಪಟ್ಟಿಯಲ್ಲಿದ್ದ ಅತಿ ದೊಡ್ಡ ಸುಳ್ಳೆಂದರೆ ‘ಮಕ್ಕಳಿಗೆ 50’ ಎಂಬ ಸಾಲು. ದೊಡ್ಡವರಿಗೆ 70, ಮಕ್ಕಳಿಗೆ 50. ತಲೆ ಚಿಕ್ಕದು, ಹಾಗಾಗಿ ದುಡ್ಡೂ ಚಿಕ್ಕದು ಎಂಬ ಲೆಕ್ಕ. ಕತ್ತರಿ ಹಿಡಿದವನನ್ನು ಕೇಳಿದರೆ ಬೇರೆಯದೇ ಹೇಳುತ್ತಾನೆ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಅಡ್ಡ ಹಾಕಿ ಕೂರಿಸಿದ ನಾಲ್ಕು ವರ್ಷದ ಹುಡುಗ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಅವನ ತಲೆಯಲ್ಲಿ ಎರಡು ಸುಳಿ ಇದ್ದುಬಿಟ್ಟರಂತೂ ಮುಗಿಯಿತು. ಸುಳಿಯ ಹತ್ತಿರ ಕೂದಲು ಯಾವ ಕಡೆಗೆ ತಿರುಗಿದೆ ಎಂದು ನೋಡಿ, ಬಾಚಣಿಗೆಯಲ್ಲಿ ಎತ್ತಿ, ಬೆರಳುಗಳ ನಡುವೆ ಹಿಡಿದು, ಸ್ವಲ್ಪ ಉದ್ದವೇ ಬಿಟ್ಟು ಕತ್ತರಿಸಬೇಕು. ಗಿಡ್ಡ ಮಾಡಿದರೆ ಮರುದಿನ ತಲೆಗೆ ನೀರು ಹಾಕಿದ ಮೇಲೆ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಇಷ್ಟರ ನಡುವೆ ಹುಡುಗ ಅಪ್ಪನನ್ನು ನೋಡಲು ಕತ್ತು ಹೊರಳಿಸುತ್ತಾನೆ. ಅವನ ಕಿವಿಗೂ ಕತ್ತರಿಯ ತುದಿಗೂ ನಡುವೆ ನಮ್ಮ ಎಡಗೈಯ ಹೆಬ್ಬೆರಳನ್ನು ಇಟ್ಟುಕೊಂಡೇ ಕೆಲಸ ಮಾಡಬೇಕು. ನನ್ನ ಹೆಬ್ಬೆರಳ ಮೇಲೆ ಅಂಥ ಮೂರು ಗಾಯದ ಗುರುತುಗಳಿವೆ. ಯಾವ ಮಗುವಿನ ಕಿವಿಯ ಮೇಲೂ ಇಲ್ಲ.

ಹೀಗಿದ್ದೂ ಆ ಸಾಲನ್ನು ಹತ್ತು ವರ್ಷ ಅಳಿಸದೆ ಇಟ್ಟುಕೊಂಡಿದ್ದವನು ನಾನೇ. ತಿಪಟೂರಿನಲ್ಲಿ ನನ್ನದು ಮೂರು ಕುರ್ಚಿಯ ಕ್ಷೌರದಂಗಡಿ. ಒಂದು ಕುರ್ಚಿ ನನ್ನದು, ಎರಡರಲ್ಲಿ ಕೆಲಸದವರು. ಗಿರಾಕಿ ನಮ್ಮ ಕೆಲಸಕ್ಕೆ ಬೆಲೆ ಕೊಡುವುದಿಲ್ಲ ಎಂದು ಮಂಗಳವಾರದ ರಜೆಯ ದಿನ ನಾವು ಕಸುಬಿನವರು ಕೂತು ಗೊಣಗುವುದುಂಟು. ಆ ಗೊಣಗಾಟದಲ್ಲಿ ನನ್ನ ದನಿಯೂ ದೊಡ್ಡದಾಗಿಯೇ ಇತ್ತು. ನನ್ನ ಅಂಗಡಿಯೊಳಗೆ ಆ ಬೆಲೆಯನ್ನು ನಾನು ಯಾರಿಗೆ ಎಷ್ಟು ಕೊಡುತ್ತಿದ್ದೇನೆ ಎಂದು ನೋಡಿದ್ದು ತೀರ ತಡವಾಗಿ.

ಅಜ್ಜನ ಕಾಲದಲ್ಲಿ ದರಪಟ್ಟಿ ಎಂಬುದೇ ಇರಲಿಲ್ಲ. ಅವರದು ಆಯದ ಕೆಲಸ. ವರ್ಷವಿಡೀ ಊರಿನ ಮನೆಮನೆಗೆ ಹೋಗಿ ಕ್ಷೌರ ಮಾಡುವುದು, ಮದುವೆಗೆ, ಮುಡಿಗೆ, ಸಾವಿಗೆ ಕರೆದಾಗ ಓಡುವುದು, ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ಕೂರುವುದು. ರಾಶಿ ಪೂಜೆಯಾಗಿ, ಉಳಿದವರೆಲ್ಲರ ಪಾಲು ಎತ್ತಿದ ಮೇಲೆ ಇವರ ಚೀಲಕ್ಕೆ ಎರಡು ಮೊರವೋ ಮೂರು ಮೊರವೋ ರಾಗಿ ಬೀಳುತ್ತಿತ್ತು. ಕೊಟ್ಟಷ್ಟನ್ನು ಹೊತ್ತು ತರುವುದೇ ಮರ್ಯಾದೆ. ಮಳೆ ಕೈಕೊಟ್ಟ ವರ್ಷ ರಾಗಿ ಒಣಗುತ್ತಿತ್ತು, ಊರಿನವರ ಗಡ್ಡ ಒಣಗುತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಆಯ ಕೊಡುವ ಮನೆಗಳ ಸಾಲಿನಲ್ಲಿ ಇಲ್ಲದ ಕೇರಿಯ ಕಡೆಗೆ ಅವರ ಹಡಪ, ಅಂದರೆ ಕ್ಷೌರದ ಸಾಮಾನಿನ ಚೀಲ, ಹೋಗುತ್ತಿರಲಿಲ್ಲ. ಅದನ್ನೂ ಹೇಳದಿದ್ದರೆ ಅಜ್ಜನ ಕಥೆ ಅರ್ಧವೇ ಆಗುತ್ತದೆ. ಕೆಲಸಕ್ಕೆ ಬೆಲೆ ಹೇಳುವ ನಾಲಿಗೆ ನಮಗೆ ಬಂದಿದ್ದರೆ ತಾನೇ? ನಮ್ಮ ಕಸುಬಿನ ಹೆಸರನ್ನೇ ಜನ ಬೈಗುಳವಾಗಿ ಬಳಸುತ್ತಾರೆ. ಅಂಥ ಕಸುಬಿನವನು ‘ಇಷ್ಟು ಕೊಡಿ’ ಎನ್ನುವಾಗ ದನಿ ತಾನಾಗಿಯೇ ತಗ್ಗುತ್ತದೆ.

ನಾನು ಕೆಲಸ ಕಲಿತದ್ದು ಅಪ್ಪನ ಹತ್ತಿರ, ದುಡಿದದ್ದು ಬೆಂಗಳೂರಿನಲ್ಲಿ. ಎಸಿ ಹಾಕಿದ, ಗೋಡೆ ತುಂಬ ಕನ್ನಡಿ ಇದ್ದ ದೊಡ್ಡ ಸಲೂನು. ಕಪ್ಪು ಏಪ್ರನ್ ಕಟ್ಟಿಸಿ ನನ್ನನ್ನು ‘ಸ್ಟೈಲಿಸ್ಟ್’ ಎಂದು ಕರೆದರು. ಅದೇ ಕೈ, ಅದೇ ಕತ್ತರಿ. ಬಿಲ್ಲು ಮಾತ್ರ 350 ರೂಪಾಯಿ. ನನ್ನ ಸಂಬಳ 9,000. ತಂಗಿಯ ಮದುವೆಗೆಂದು 30,000 ಮುಂಗಡ ತೆಗೆದುಕೊಂಡಿದ್ದರಿಂದ ಎರಡು ವರ್ಷ ಬಾಯಿ ತೆರೆಯುವ ಹಾಗಿರಲಿಲ್ಲ. ಶಾಂಪೂ ಬಾಟಲಿ ಮಾರಿಸಿದರೆ ಕಮಿಷನ್ ಇತ್ತು, ಕಟಿಂಗ್ ಚೆನ್ನಾಗಿ ಮಾಡಿದ್ದಕ್ಕೆ ಇರಲಿಲ್ಲ. ಬೆಲೆ ಏರಿದ್ದು ಎಸಿಗೆ, ಕನ್ನಡಿಗೆ, ಮುಖ್ಯರಸ್ತೆಯ ಬಾಡಿಗೆಗೆ. ಕೈಗೆ ಅಲ್ಲ. ಅಲ್ಲಿಂದ ಬಿಟ್ಟು ಬರುವಾಗ, ನಾನು ಅಂಗಡಿ ಇಟ್ಟರೆ ಹೀಗೆ ಮಾಡುವುದಿಲ್ಲ ಎಂದುಕೊಂಡಿದ್ದೆ. ಎಲ್ಲರೂ ಅಂದುಕೊಳ್ಳುತ್ತಾರೆ.

2014ರಲ್ಲಿ ಅಂಗಡಿ ತೆರೆದೆ. ಕೆಲಸದವರೊಂದಿಗೆ ಅರ್ಧಕ್ಕರ್ಧ ಮಾತಾಯಿತು: ಅವರ ಕುರ್ಚಿಯಲ್ಲಿ ಬಂದ ದುಡ್ಡಿನಲ್ಲಿ ಅರ್ಧ ಅವರಿಗೆ, ಅರ್ಧ ಅಂಗಡಿಗೆ. ನಮ್ಮ ಕಸುಬಿನಲ್ಲಿ ಬಹಳ ಕಡೆ ಹೀಗೆಯೇ ನಡೆಯುತ್ತದೆ. ಕೇಳುವುದಕ್ಕೆ ಇದಕ್ಕಿಂತ ನ್ಯಾಯ ಇನ್ನೊಂದಿಲ್ಲ ಎನ್ನಿಸುತ್ತದೆ. ಅದರೊಳಗಿನ ತೂತು ನನಗೆ ಮೊದಲು ಕಂಡದ್ದು 2020ರ ಲಾಕ್‌ಡೌನ್‌ನಲ್ಲಿ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದೆ, ನನಗೆ ಬಂತು. ನನ್ನ ಪಕ್ಕದ ಕುರ್ಚಿಯಲ್ಲಿ ಆರು ವರ್ಷ ದುಡಿದ ಅರಸೀಕೆರೆ ಕಡೆಯ ಹುಡುಗನಿಗೆ ಬರಲಿಲ್ಲ. ಅವನು ಈ ಕಸುಬಿನವನು ಎಂದು ತೋರಿಸುವ ಒಂದು ಚೀಟಿಯೂ ಅವನ ಹತ್ತಿರ ಇರಲಿಲ್ಲ. ಹಾಜರಿ ಪುಸ್ತಕವಿಲ್ಲ, ಸಂಬಳದ ರಸೀದಿಯಿಲ್ಲ. ಪಾಲುದಾರ ಎಂದರೆ ಪಾಲುದಾರನಲ್ಲ, ನೌಕರ ಎಂದರೆ ನೌಕರನಲ್ಲ. ನನ್ನ 5,000ದಲ್ಲಿ 2,000 ಅವನಿಗೆ ಕೊಟ್ಟೆ. ಆಗ ಅದನ್ನು ಉಪಕಾರ ಎಂದುಕೊಂಡಿದ್ದೆ.

ಲೆಕ್ಕಕ್ಕೆ ಕೂರಿಸಿದ್ದು ಇನ್ನೊಂದು ಸರ್ಕಾರಿ ಯೋಜನೆ. 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರ 18 ಕಸುಬುಗಳಲ್ಲಿ ನಮ್ಮದೂ ಒಂದು. ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ, 15,000 ರೂಪಾಯಿಯ ಉಪಕರಣ, ತರಬೇತಿಗೆ ಕೂತ ದಿನಗಳಿಗೆ ದಿನಕ್ಕೆ 500 ಭತ್ಯೆ. ಮುಂದಿನ ವರ್ಷ ನಾನು ತರಬೇತಿಗೆ ಹೋದೆ. ಬೆಂಚಿನ ಮೇಲೆ ಕೂತು, ಮಧ್ಯಾಹ್ನ ಊಟ ಮಾಡಿ, ಗೊತ್ತಿದ್ದದ್ದನ್ನೇ ಅರ್ಧ ಕೇಳಿಸಿಕೊಂಡು ಬಂದದ್ದಕ್ಕೆ 500. ಅಂಗಡಿಯಲ್ಲಿ ನಿಂತೇ ದುಡಿಯುತ್ತಿದ್ದ ಇಬ್ಬರಿಗೆ ದಿನಕ್ಕೆ ಎಷ್ಟು ಬೀಳುತ್ತಿದೆ ಎಂದು ನಾನು ಆವರೆಗೆ ಭಾಗಿಸಿ ನೋಡಿರಲಿಲ್ಲ.

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಯಾವ ಕುರ್ಚಿ, ಏನು ಕೆಲಸ, ಕೂತ ಹೊತ್ತು, ಎದ್ದ ಹೊತ್ತು. ಮೊದಲ ನಾಲ್ಕು ದಿನ ಬರೆಯಲು ಮರೆತು ರಾತ್ರಿ ಅಂದಾಜಿನ ಮೇಲೆ ತುಂಬಿದೆ. ಆ ಹಾಳೆ ಹರಿದು ಮತ್ತೆ ಶುರು ಮಾಡಿದೆ. ಮಂಗಳವಾರಗಳನ್ನು ಬಿಟ್ಟು 26 ದಿನ ಬರೆದ ಮೇಲೆ ಕೂಡಿಸಿ ನೋಡಿದರೆ ಕೆಲಸದವನೊಬ್ಬನ ಪಾಲು 13,130 ರೂಪಾಯಿ. ದಿನಕ್ಕೆ 505. ತರಬೇತಿಯ ಬೆಂಚಿಗಿಂತ ಐದು ರೂಪಾಯಿ ಹೆಚ್ಚು. ಅದೂ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟೂವರೆಯವರೆಗೆ, ಹದಿಮೂರು ಗಂಟೆಗೆ. ಗಂಟೆಗೆ ಹಾಕಿದರೆ 39 ರೂಪಾಯಿಯೂ ತುಂಬುವುದಿಲ್ಲ. ನಮ್ಮಲ್ಲಿ ಒಂದು ಗಡ್ಡಕ್ಕೆ ಆಗ 40. ಹನ್ನೆರಡು ವರ್ಷ ಕತ್ತರಿ ಹಿಡಿದವನ ಒಂದು ಗಂಟೆಗೆ ಒಂದು ಗಡ್ಡದ ಬೆಲೆಯೂ ಇರಲಿಲ್ಲ.

ಅರ್ಧಕ್ಕರ್ಧದ ತೂತು ಅಲ್ಲಿ ಪೂರ್ತಿ ಕಾಣಿಸಿತು. ಗಿರಾಕಿ ಕುರ್ಚಿಯಲ್ಲಿ ಕೂತಿರುವುದು ದಿನಕ್ಕೆ ಹೆಚ್ಚೆಂದರೆ ಐದಾರು ಗಂಟೆ. ಉಳಿದ ಏಳೆಂಟು ಗಂಟೆ ಬಾಗಿಲು ನೋಡುತ್ತಾ ಕಾಯುವುದು, ಕಸ ಗುಡಿಸುವುದು, ಕತ್ತರಿ ಒರೆಸುವುದು. ಆ ಹೊತ್ತಿಗೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಅಂಗಡಿ ನನ್ನದು, ಕಾಯುವ ನಷ್ಟ ಮಾತ್ರ ಅವರದು.

ಆಮೇಲೆ ಅಂಗಡಿ ಮುಂಗಟ್ಟುಗಳ ಕಾಯ್ದೆಯ ವಿಷಯ ಪರಿಚಯದ ವಕೀಲರೊಬ್ಬರಿಂದ ತಿಳಿದುಕೊಂಡೆ. ಕರ್ನಾಟಕದ ಆ ಕಾಯ್ದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ಎರಡು ಪಟ್ಟು ಕೂಲಿ. ನಾನು ಹುಟ್ಟುವ ಮೊದಲೇ ಇದ್ದ ಕಾನೂನು.

ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಹೊತ್ತು ಸರಿ ಮಾಡಿದೆ. ಒಬ್ಬನು ಏಳೂವರೆಗೆ ಬಂದು ನಾಲ್ಕೂವರೆಗೆ ಹೋಗುತ್ತಾನೆ, ಇನ್ನೊಬ್ಬನು ಹನ್ನೊಂದೂವರೆಗೆ ಬಂದು ಎಂಟೂವರೆಗೆ ಹೋಗುತ್ತಾನೆ. ನಡುವೆ ಊಟಕ್ಕೆ ಒಂದು ಗಂಟೆ. ದಿನಕ್ಕೆ 600ರಂತೆ ತಿಂಗಳಿಗೆ 15,600 ಖಾತ್ರಿ, ಗಿರಾಕಿ ಬರಲಿ ಬಿಡಲಿ. ಅದರ ಮೇಲೆ ತಲೆಯೊಂದಕ್ಕೆ ಹತ್ತು ರೂಪಾಯಿ. ಭಾನುವಾರ ಹೆಚ್ಚು ನಿಂತರೆ ಗಂಟೆಗೆ 150. ಹಾಜರಿ ಪುಸ್ತಕದಲ್ಲಿ ಸಹಿ, ಬ್ಯಾಂಕಿಗೆ ಸಂಬಳ. ಉತ್ತರ ಪ್ರದೇಶದಿಂದ ಬಂದ ಎರಡನೆಯವನಿಗೆ ಬ್ಯಾಂಕಿನ ಮಾತು ಹಿಡಿಸಲಿಲ್ಲ. ನಗದೇ ಬೇಕೆಂದು ಎರಡು ತಿಂಗಳು ಮುನಿಸಿಕೊಂಡಿದ್ದ. ನನ್ನ ಹದಿಮೂರು ಗಂಟೆ ಮಾತ್ರ ಹಾಗೆಯೇ ಇದೆ. ಮಾಲೀಕನ ಸೊಂಟಕ್ಕೆ ಯಾವ ಕಾಯ್ದೆಯೂ ಇಲ್ಲ.

ಆಮೇಲೆ ದರಪಟ್ಟಿ. ತಲೆಯ ಗಾತ್ರ ಬಿಟ್ಟು, ನೋಟ್‌ಬುಕ್ಕಿನ ನಿಮಿಷಗಳನ್ನು ಹಿಡಿದು ಬರೆದೆ. ಸಾದಾ ಕಟಿಂಗ್ 110, ಮಕ್ಕಳಿಗೂ 110. ಹಿಂದಲೆಯಿಂದ ಮೇಲಕ್ಕೆ ಇಳಿಜಾರು ತೆಗೆಯುವ ಫೇಡ್‌ಗೆ 150, ಏಕೆಂದರೆ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಡ್ಡಕ್ಕೆ 50. ನಮ್ಮಲ್ಲಿ ಕಸುಬಿನವರೆಲ್ಲ ಸೇರಿ ಒಂದೇ ದರ ಇಟ್ಟುಕೊಳ್ಳುವ ಪದ್ಧತಿಯಿದೆ, ನಾನು ಅದನ್ನು ಮೀರಿದೆ ಎಂದು ಕೆಲವರಿಗೆ ಸಿಟ್ಟು ಬಂತು. ಆ ಪದ್ಧತಿ ಬೇಡ ಎಂದು ನಾನು ಹೇಳುವವನಲ್ಲ. ಪಕ್ಕದವನು ಕಟಿಂಗನ್ನು 40ಕ್ಕೆ ಇಳಿಸಿ ಎಲ್ಲರ ಹೊಟ್ಟೆಯ ಮೇಲೆ ಹೊಡೆಯುವುದನ್ನು ಅದೇ ತಡೆದಿದೆ. ಆದರೆ ಅದು ನೆಲ ಆಗಿರಬೇಕು, ಸೂರು ಆಗಬಾರದು.

ಬೋರ್ಡು ಬದಲಾದ ಮೊದಲ ವಾರ ಒಬ್ಬ ನಿವೃತ್ತ ಮೇಷ್ಟ್ರು ಬಂದರು. “ಹತ್ತು ನಿಮಿಷದ ಕೆಲಸಕ್ಕೆ ನೂರಾಹತ್ತು ಏನಪ್ಪಾ?” ಎಂದರು. “ಮೇಷ್ಟ್ರೇ, ಹತ್ತು ನಿಮಿಷ ಆದಾಗ ಹೇಳುತ್ತೇನೆ, ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ ನೀವೇ ಹೇಳಿ” ಎಂದು ಮೊಬೈಲಿನಲ್ಲಿ ಹೊತ್ತು ಇಟ್ಟೆ. ಅದು ಕೂಗಿದಾಗ ಬಲಗಡೆ ಮುಗಿದಿತ್ತು, ಎಡಗಡೆ ಕಿವಿಯ ಮೇಲೆ ಕೂದಲು ಇಳಿಬಿದ್ದಿತ್ತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ಕೆಲಸ ಮುಗಿಸಿಕೊಂಡು 110 ಎಣಿಸಿ ಕೊಟ್ಟು ಹೋದವರು ಮತ್ತೆ ಬರಲಿಲ್ಲ. ನಾಲ್ಕು ಜನರೆದುರು ಹಿರಿಯರನ್ನು ಹಾಗೆ ಮಾಡಬಾರದಿತ್ತು ಎಂದು ಈಗ ಅನ್ನಿಸುತ್ತದೆ. ರಸ್ತೆಯಲ್ಲಿ ಸಿಕ್ಕಾಗ ಅವರ ಹಿಂದಲೆಯನ್ನು ನೋಡುತ್ತೇನೆ. ಕತ್ತರಿಸಿದವನು ಯಾರೋ, ಕೆಟ್ಟ ಕೆಲಸಗಾರನೇನಲ್ಲ.

ಹಳೆಯ ತಿಂಗಳಲ್ಲಿ ಮೂರು ಕುರ್ಚಿಗೂ ಸೇರಿ 858 ತಲೆ ಬಂದಿದ್ದವು, ಹೊಸ ದರದ ಮೊದಲ ತಿಂಗಳಲ್ಲಿ 690. ಎದೆ ಧಸಕ್ಕೆಂದಿತು. ಆದರೆ ಗಲ್ಲಾಪೆಟ್ಟಿಗೆ ಹಗುರಾಗಿರಲಿಲ್ಲ, ಇಬ್ಬರ ಸಂಬಳ ಕೊಟ್ಟ ಮೇಲೂ ನನಗೆ ಉಳಿದದ್ದು ಮೊದಲಿನಷ್ಟೇ. ಬಿಟ್ಟುಹೋದವರಲ್ಲಿ ಅರ್ಧದಷ್ಟು ಜನ ಯುಗಾದಿಯ ಹೊತ್ತಿಗೆ ಮರಳಿದರು. ವಾರಕ್ಕೊಮ್ಮೆ ಗಡ್ಡಕ್ಕೆ ಬರುವ ಮೂವರು ಅಜ್ಜಂದಿರಿಗೆ ಇವತ್ತಿಗೂ 40 ರೂಪಾಯಿಯೇ. ಹೊಟ್ಟೆಗೆ ಪಿಂಚಣಿಯೊಂದೇ ಇರುವವರು. ಆ ರಿಯಾಯಿತಿ ನನ್ನ ಗಂಟಿನದು, ಕೆಲಸದವನ ಪಾಲಿನಲ್ಲಿ ಒಂದು ಪೈಸೆ ಮುರಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿ ನೋಟ್‌ಬುಕ್ಕನ್ನು ಹೆಂಡತಿಗೆ ತೋರಿಸಿದೆ, ಸ್ವಲ್ಪ ಜಂಬದಿಂದಲೇ. ಬಾಡಿಗೆ, ಕರೆಂಟು, ಬ್ಲೇಡು, ಫೋಮು, ಪೌಡರು, ಟ್ರಿಮ್ಮರ್ ರಿಪೇರಿ, ಚಹಾ, ಎಲ್ಲಕ್ಕೂ ಸಾಲಿತ್ತು. ಅವಳು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಓದಿದಳು.

“ಟವೆಲ್ಲು ಎಲ್ಲಿ?” ಎಂದಳು.

“ಟವೆಲ್ಲು ವರ್ಷಕ್ಕೊಮ್ಮೆ ತರುವುದಲ್ಲವೇ?”

“ತರುವುದಲ್ಲ ರೀ, ಒಗೆಯುವುದು.”

ದಿನಕ್ಕೆ ನಲವತ್ತು ಟವೆಲ್ಲು. ಹಿಂದಿನ ರಾತ್ರಿ ಸೋಡಾದಲ್ಲಿ ನೆನೆಹಾಕಿ, ಬೆಳಿಗ್ಗೆ ಕೂದಲು ಕೊಡವಿ, ಒಗೆದು, ತಾರಸಿಯಲ್ಲಿ ಹರವಿ, ಮಡಿಸಿ ಅಂಗಡಿಗೆ ಕಳಿಸುವುದು. ಹತ್ತು ವರ್ಷದಿಂದ ನಡೆದಿತ್ತು. ನಿಮಿಷಗಳನ್ನು ಎಣಿಸಿದ ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದು ಗೆರೆಯನ್ನೂ ನಾನು ಎಳೆದಿರಲಿಲ್ಲ.

ಟವೆಲ್ಲಿಗೆ ಮೂರು ರೂಪಾಯಿ ಎಂದು ಅವಳೇ ದರ ಹೇಳಿದಳು. ನನ್ನ ಬಾಯಿಯಿಂದ “ಎರಡಕ್ಕೆ ಮಾಡಿಕೊ” ಎಂಬ ಮಾತು ಬಂದೇ ಬಿಟ್ಟಿತು. ಅವಳು ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಕಡೆಗೆ ಸರಿಸಿ ಒಳಗೆ ಹೋದಳು. ಮೂರು ಎಂದೇ ಬರೆದೆ.